ಹೋಮ್ ಲೋನ್ ಲೀಡ್: ಸಂಬಳಕ್ಕಿಂತ ಮೊದಲು ಖಾತಾ ಕೇಳಿದೆ

ಮೈಸೂರಿನಲ್ಲಿ ನಾನು ಹೋಮ್ ಲೋನ್ ಡಿಎಸ್‌ಎ, ಅಂದರೆ ಏಜೆಂಟ್. ಸಾಲ ಬೇಕಾದವರ ಕಾಗದ ಜೋಡಿಸಿ, ಬ್ಯಾಂಕಿಗೋ ಹೌಸಿಂಗ್ ಫೈನಾನ್ಸ್ ಕಂಪನಿಗೋ ಫೈಲ್ ಹಾಕಿಸುವುದು ನನ್ನ ಕೆಲಸ. ಸಾಲದ ಹಣ ಬಿಡುಗಡೆ ಆದರೆ ಕಮಿಷನ್. ಆಗದಿದ್ದರೆ ಅಷ್ಟು ದಿನ ಓಡಾಡಿದ್ದು ಲೆಕ್ಕಕ್ಕಿಲ್ಲ. ಬಿಲ್ಡರ್‌ಗಳು, ಪತ್ರ ಬರಹಗಾರರು, ಹಳೇ ಗ್ರಾಹಕರು ಕಳಿಸುವ ಕೇಸುಗಳಿಂದ ತಿಂಗಳು ತುಂಬದೇ ಇದ್ದಾಗ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಜಾಹೀರಾತಿಗೆ ಇಳಿದೆ.

ಲೀಡ್ (ಸಾಲ ಬೇಕು ಅಂತ ಹೆಸರು, ನಂಬರ್ ಕೊಡುವವರು) ತರೋದು ಕಷ್ಟ ಅಲ್ಲವೇ ಅಲ್ಲ. ಇವೆರಡನ್ನೂ ನಡೆಸುವ ಮೆಟಾ ಕಂಪನಿಯ ಲೀಡ್ ಫಾರ್ಮ್ ತೆರೆದ ಕೂಡಲೇ ಹೆಸರು, ಫೋನ್ ನಂಬರ್ ತಾನಾಗಿಯೇ ತುಂಬಿಕೊಂಡಿರುತ್ತದೆ. ಎರಡು ಸಲ ಬೆರಳು ಒತ್ತಿದರೆ ಮುಗಿಯಿತು. ಹಾಗಾಗಿ ಲೀಡ್ ರಾಶಿ ಬೀಳುತ್ತದೆ, ಬೆಲೆಯೂ ಕಡಿಮೆ. ಫೋನ್ ಮಾಡಿದರೆ ಮಾತ್ರ, "ಯಾವ ಲೋನು? ನಾನೇನೂ ಹಾಕಿಲ್ವಲ್ಲ" ಅನ್ನುತ್ತಾರೆ. ಅವರು ಸುಳ್ಳು ಹೇಳ್ತಿಲ್ಲ. ರೀಲ್ಸ್ ನೋಡ್ತಾ ನೋಡ್ತಾ ಒತ್ತಿರುತ್ತಾರೆ, ಅಷ್ಟೇ. ಎಷ್ಟೋ ಸಲ ನಂಬರ್ ಕೂಡ ಅಕೌಂಟ್ ತೆರೆದ ಕಾಲದ್ದು.

ನಾನು ಮಾಡಿದ್ದು ಇದಕ್ಕೆ ಉಲ್ಟಾ: ಫಾರ್ಮ್ ತುಂಬೋದನ್ನು ಬೇಕಂತಲೇ ಸ್ವಲ್ಪ ಕಷ್ಟ ಮಾಡಿದೆ. ಫಾರ್ಮ್‌ನಲ್ಲಿ 'ಹೈಯರ್ ಇಂಟೆಂಟ್' ಅನ್ನೋ ಬಗೆ ಇದೆ. ಕಳಿಸುವ ಮುಂಚೆ ಕೊಟ್ಟ ವಿವರವನ್ನು ಇನ್ನೊಮ್ಮೆ ತೋರಿಸಿ ಒಪ್ಪಿಗೆ ಕೇಳುತ್ತದೆ. ಅದನ್ನು ಇಟ್ಟುಕೊಂಡೆ. ವಾಟ್ಸ್‌ಆ್ಯಪ್ ನಂಬರನ್ನು ಅವರೇ ಟೈಪ್ ಮಾಡುವ ಹಾಗೆ ಇನ್ನೊಂದು ಜಾಗ ಇಟ್ಟೆ. ಇನ್ನು ಉಳಿದಿದ್ದು ಪ್ರಶ್ನೆಗಳು.

ಸಾಲದ ವ್ಯವಹಾರದಲ್ಲಿ ಎಲ್ಲರಿಗೂ ಮೊದಲು ಹೊಳೆಯೋದು ಸಂಬಳ, ಸಿಬಿಲ್ ಸ್ಕೋರ್, ಈಗಿರುವ ಸಾಲ. ಮೆಟಾದಿಂದ ಮೊದಲೇ ಅನುಮತಿ ತಗೊಳ್ಳದೆ ಈ ಮೂರನ್ನೂ ಫಾರ್ಮ್‌ನಲ್ಲಿ ಕೇಳುವ ಹಾಗಿಲ್ಲ. ನಿಯಮ ಒಳ್ಳೆಯದೇ ಅನ್ನಿ. ಯಾರೋ ಗುರುತಿಲ್ಲದವನಿಗೆ ಸಂಬಳ ಎಷ್ಟು ಅಂತ ಯಾಕೆ ಹೇಳಬೇಕು? ಆದರೆ ನಮ್ಮ ಕಡೆ ಸಾಲ ನಿಂತುಹೋಗೋದು ಸಂಬಳದಿಂದ ಅಲ್ಲ, ಜಾಸ್ತಿ ಸಲ ಆಸ್ತಿಯ ಕಾಗದದಿಂದ. ಅದಕ್ಕೇ ನನ್ನ ಮೊದಲ ಪ್ರಶ್ನೆ: ಸೈಟು ಅಥವಾ ಮನೆಯ ಖಾತಾ ಯಾವುದು? ಕೊಟ್ಟಿರುವ ಆಯ್ಕೆಗಳು: ಮುಡಾ ಅಥವಾ ಎ ಖಾತಾ, ಪಂಚಾಯಿತಿ ಇ-ಸ್ವತ್ತು, ಬಿ ಖಾತಾ, ಇನ್ನೂ ಹುಡುಕುತ್ತಿದ್ದೇನೆ, ಗೊತ್ತಿಲ್ಲ. ಖಾತಾ ಅಂದರೆ ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆ. ಮುಡಾ ಅಂದರೆ ಮೈಸೂರಿನ ನಗರಾಭಿವೃದ್ಧಿ ಪ್ರಾಧಿಕಾರ. ಎ ಖಾತಾ ಸಕ್ರಮ ಸ್ವತ್ತಿನದು, ಬಿ ಖಾತಾ ಅನುಮೋದನೆ ಇಲ್ಲದ ಸ್ವತ್ತಿನದು. ಇ-ಸ್ವತ್ತು ಗ್ರಾಮ ಪಂಚಾಯಿತಿಯ ಆನ್‌ಲೈನ್ ದಾಖಲೆ.

ಈ ಒಂದು ಪ್ರಶ್ನೆ ಹಾಕಿದ ಮೇಲೆ ಲೀಡ್ ದುಬಾರಿ ಆಯಿತು. ಫೋನ್ ಎತ್ತಿ ಮಾತಾಡುವವರೂ ಜಾಸ್ತಿ ಆದರು. ನಿಜವಾಗಿ ಸೈಟು ಅಥವಾ ಮನೆ ನೋಡಿಟ್ಟವನಿಗೆ ಮಾತ್ರ ಉತ್ತರ ಗೊತ್ತಿರುತ್ತೆ, ಅಲ್ವಾ?

ಉತ್ತರ ಬಂತು ಅಂತ ಅಲ್ಲಿಗೇ ನಂಬಿ ಕೂರುವ ಹಾಗಿಲ್ಲ. 2025ರಲ್ಲಿ ಬೆಂಗಳೂರಿನಾಚೆಯ ಊರುಗಳಲ್ಲೂ ಬಿ ಖಾತಾ ಕೊಡಲು ಶುರುವಾದ ಮೇಲೆ, ಖಾತಾ ಸಿಕ್ಕಿತು ಅಂದರೆ ಸಾಲವೂ ಸಿಕ್ಕಿತು ಅಂತ ಜನ ಅಂದುಕೊಂಡಿದ್ದಾರೆ. ಬಿ ಖಾತಾ ಅಂದರೆ ಹೆಚ್ಚಿನ ಬ್ಯಾಂಕು ಈಗಲೂ ಫೈಲ್ ಮುಟ್ಟೋದಿಲ್ಲ. ಕೆಲವು ಫೈನಾನ್ಸ್ ಕಂಪನಿಗಳು ಕೊಡುತ್ತವೆ, ಬಡ್ಡಿ ಮಾತ್ರ ಜಾಸ್ತಿ. ಇ-ಸ್ವತ್ತಿನದು ಇನ್ನೂ ನಾಜೂಕು. ಒಬ್ಬರು "ಇ-ಸ್ವತ್ತು ಪಕ್ಕಾ ಇದೆ ಸರ್, ನಾಳೆನೇ ಫೈಲ್ ಹಾಕಿ" ಅಂದರು. ಫೋಟೋ ಕಳಿಸಿ ಅಂದೆ. ಮಡಿಕೆ ಬಿದ್ದ ಹಾಳೆ, ಕೆಳಗೆ ಸಹಿ, ಬಾರ್‌ಕೋಡ್ ಎಲ್ಲ ಸರಿಯಾಗಿದೆ. ಮೇಲೆ ಮಾತ್ರ 'ನಮೂನೆ 11ಬಿ' ಅಂತಿತ್ತು. ಅದು ಅನುಮೋದನೆ ಇಲ್ಲದ ಸ್ವತ್ತಿಗೆ ಕೊಡುವುದು. ಬ್ಯಾಂಕು ಕೇಳೋದು ನಮೂನೆ 9 ಮತ್ತು 11ಎ. ಎಲ್ಲಕ್ಕೂ 'ಇ-ಸ್ವತ್ತು' ಅಂತಲೇ ಹೇಳಿ ಮಾರುವುದರಿಂದ ಕೊಳ್ಳುವವರಿಗೆ ವ್ಯತ್ಯಾಸ ತಿಳಿಯೋದೇ ಇಲ್ಲ. ಅಡ್ವಾನ್ಸ್ ಕೊಟ್ಟಿದ್ದೀರಾ ಅಂತ ಕೇಳಿದೆ. ಇಲ್ಲ ಅಂದರು. ಬಚಾವ್. ಆ ಕೇಸಿನಿಂದ ನನಗೇನೂ ಬರಲಿಲ್ಲ, ಆದರೆ ಅವರು ಆಮೇಲೆ ತಮ್ಮ ಭಾವಮೈದುನನನ್ನು ಕಳಿಸಿದರು.

ಜಾಹೀರಾತಿನಲ್ಲಿ ಏನು ಹೇಳಬೇಕು ಅನ್ನೋದೂ ಇದೇ ದಾರಿ. 'ಕಡಿಮೆ ಬಡ್ಡಿ, ತಕ್ಷಣ ಸಾಲ' ಅಂತ ಎಲ್ಲರೂ ಹಾಕುತ್ತಾರೆ. ಅದರಲ್ಲಿ ಮುಂಗಡ ಫೀಸು ಕೇಳಿ ಮಾಯವಾಗುವ ಮೋಸಗಾರರೂ ಇರುತ್ತಾರೆ. ನಾನು ಹಾಕಿದ್ದು ಒಂದು ಲೆಕ್ಕ. ಆಫೀಸಿನ ಬಿಳಿ ಬೋರ್ಡಿನ ಮೇಲೆ ಬರೆದು, ಮೊಬೈಲಿನಲ್ಲೇ ತೆಗೆದ ವಿಡಿಯೋ: '50 ಲಕ್ಷದ ಮನೆಗೆ ಕೈಯಲ್ಲಿ ಎಷ್ಟಿರಬೇಕು?' ಸಾಲ 30 ಲಕ್ಷ ದಾಟಿ 75 ಲಕ್ಷದವರೆಗೆ ಇದ್ದರೆ ಮನೆ ಬೆಲೆಯ 80 ಪರ್ಸೆಂಟ್ ತನಕ ಮಾತ್ರ ಕೊಡಬಹುದು ಅಂತ ರಿಸರ್ವ್ ಬ್ಯಾಂಕ್ ನಿಯಮ. ಅಂದರೆ 40 ಲಕ್ಷ ಬ್ಯಾಂಕಿನದು, 10 ಲಕ್ಷ ನಿಮ್ಮದು. ಇಲ್ಲಿಗೆ ಮುಗಿಯಲ್ಲ. ಮುದ್ರಾಂಕ ಶುಲ್ಕ ಸೆಸ್ಸು, ಸರ್‌ಚಾರ್ಜು ಸೇರಿ 5.6 ಪರ್ಸೆಂಟ್. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1ರ ಬದಲು 2 ಪರ್ಸೆಂಟ್. ಇವೆರಡೂ ಸೇರಿದರೆ 3.8 ಲಕ್ಷ, ಇದನ್ನು ಬ್ಯಾಂಕು ಕೊಡಲ್ಲ. ಹೆಚ್ಚುಕಡಿಮೆ 14 ಲಕ್ಷ ಕೈಯಲ್ಲಿರಬೇಕು.

ಈ ವಿಡಿಯೋ ನೋಡಿ ಅರ್ಧ ಜನ ಅಲ್ಲೇ ಕೈ ಬಿಡುತ್ತಾರೆ. ಬಿಡಲಿ. ಉಳಿದವರ ಹತ್ತಿರ ದುಡ್ಡೂ ಇರುತ್ತೆ, ಕೇಳಬೇಕಾದ ಪ್ರಶ್ನೆಯೂ ಇರುತ್ತೆ. ಬ್ಯಾಂಕಿನ ಲೋಗೋ ಎಲ್ಲೂ ಹಾಕಲ್ಲ. ನಾವು ಏಜೆಂಟರು, ಬ್ಯಾಂಕಲ್ಲ. 'ಮುಂಗಡ ಹಣ ಕೇಳುವುದಿಲ್ಲ' ಅನ್ನೋ ಸಾಲು ಮತ್ತು ಆಫೀಸಿನ ವಿಳಾಸ ಮಾತ್ರ ಕಡ್ಡಾಯ.

ಮತ್ತೊಂದು ಸಂಗತಿ. ಕನ್ನಡದವರು ಬೇಕು ಅಂತ ಸೆಟ್ಟಿಂಗ್‌ನಲ್ಲಿ 'ಕನ್ನಡ' ಆರಿಸಬೇಡಿ. ಅದು ನೋಡೋದು ಆ್ಯಪ್ ಯಾವ ಭಾಷೆಯಲ್ಲಿದೆ ಅಂತ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡದವರ ಫೋನ್ ಕೂಡ ಇಂಗ್ಲಿಷಿನಲ್ಲೇ ಇರುತ್ತೆ. ಭಾಷೆಯ ಜಾಗ ಖಾಲಿ ಬಿಟ್ಟು ವಿಡಿಯೋದಲ್ಲಿ ಕನ್ನಡ ಮಾತಾಡಿದರೆ ಸಾಕು, ಬೇರೆಯವರು ಸ್ಕ್ರೋಲ್ ಮಾಡಿಕೊಂಡು ಹೋಗುತ್ತಾರೆ. ಏರಿಯಾ ಮಾತ್ರ ಬಿಗಿಯಾಗಿ ಇಡುತ್ತೇನೆ: ಮೈಸೂರು ಮತ್ತು ಸುತ್ತಮುತ್ತ. ನಾನು ಹೋಗಿ ನೋಡಿ ಬರಲಾಗದ ಸೈಟಿನ ಲೀಡ್ ನನಗೆ ಬೇಡ.

ಆಷಾಢ ಬಂದರೆ ಇದೆಲ್ಲ ನಿಲ್ಲಿಸುತ್ತೇನೆ. ಆ ತಿಂಗಳಲ್ಲಿ ರಿಜಿಸ್ಟ್ರೇಷನ್ ಮಾಡಿಸುವವರು ಕಡಿಮೆ, ಮನೆ ನೋಡೋಕೂ ಹೋಗಲ್ಲ. ಆಗ ಬ್ಯಾಲೆನ್ಸ್ ಟ್ರಾನ್ಸ್‌ಫರ್, ಅಂದರೆ ಇರುವ ಸಾಲವನ್ನು ಕಡಿಮೆ ಬಡ್ಡಿಯ ಕಡೆಗೆ ಬದಲಾಯಿಸುವ ಜಾಹೀರಾತು. ಸಾಲ ಬದಲಾಯಿಸೋಕೆ ಮುಹೂರ್ತ ಬೇಕಿಲ್ಲ. 2025ರಲ್ಲಿ ರೆಪೊ ದರ (ರಿಸರ್ವ್ ಬ್ಯಾಂಕು ಬೇರೆ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ) 6.5ರಿಂದ 5.25ಕ್ಕೆ ಇಳಿಯಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ (ಬಡ್ಡಿ ಏರಿಳಿಯುವ) ಹೋಮ್ ಲೋನನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಲೇಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟುಪಾಡಿಲ್ಲ. ಅಲ್ಲಿ ಸಾಲ ಮಾಡಿದವರಲ್ಲಿ ಎಷ್ಟೋ ಜನರಿಗೆ ಇಳಿಕೆ ಪೂರ್ತಿ ತಲುಪಿರಲ್ಲ. ಬೋರ್ಡಿನ ಮೇಲೆ ಮತ್ತೆ ಲೆಕ್ಕ: 40 ಲಕ್ಷ, 20 ವರ್ಷ. 8.5ಕ್ಕೆ ಕಂತು 34,713. 7.5ಕ್ಕೆ 32,224. 'ನೀವು ಸಾಲದಲ್ಲಿ ಒದ್ದಾಡ್ತಿದ್ದೀರಾ?' ಅಂತ ಬರೆದರೆ ಜಾಹೀರಾತು ತಿರಸ್ಕಾರ ಆಗಬಹುದು. ನೋಡುವವರ ಹಣದ ಸ್ಥಿತಿ ಗೊತ್ತಿರುವ ಹಾಗೆ ಬರೆಯೋದು ಮೆಟಾಗೆ ಸೇರಲ್ಲ. ಸುಮ್ನೆ ಎರಡು ಕಂತು ಪಕ್ಕಪಕ್ಕ ತೋರಿಸಿದರೆ ಆಯಿತು, ತಮ್ಮ ಕಂತು ಎಷ್ಟು ಅಂತ ಅವರಿಗೇ ಗೊತ್ತು.

ಲೀಡ್ ಬಿದ್ದ ಕೂಡಲೇ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ನನ್ನ ದನಿಯಲ್ಲೇ ಒಂದು ಸಣ್ಣ ಮೆಸೇಜು, ಆಮೇಲೆ ಕರೆ. ಫ್ಯಾಕ್ಟರಿ ಕೆಲಸದವರಿಗೆ ಶಿಫ್ಟ್ ಮುಗಿದ ಮೇಲೆ. 'ಇನ್ನೂ ಹುಡುಕುತ್ತಿದ್ದೇನೆ' ಅಂದವರನ್ನು ಬೇರೆ ಶೀಟಿನಲ್ಲಿ ಇಡುತ್ತೇನೆ. ಮೆಟಾದಿಂದ ಲೀಡ್ ಇಳಿಸಿಕೊಳ್ಳೋಕೆ 90 ದಿನ ಮಾತ್ರ ಟೈಮು, ಮನೆ ಹುಡುಕಾಟ ಅದಕ್ಕಿಂತ ಉದ್ದ. ಶ್ರಾವಣ ಶುರುವಾಗುವ ಮುಂಚೆ ಆ ಶೀಟು ತೆರೆದು ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ. ಆ ಕರೆಗಳಿಗೆ ಜಾಹೀರಾತಿನ ಖರ್ಚೂ ಇಲ್ಲ, ಅದರ ಮೇಲಿನ 18 ಪರ್ಸೆಂಟ್ ಜಿಎಸ್‌ಟಿಯೂ ಇಲ್ಲ.