ತರಬೇತಿ ಅನುದಾನದ ಕೊನೆಯ ಕಂತು ಬಿಡುಗಡೆಯಾದದ್ದು ಹೀಗೆ

ಅನುದಾನ ಪಡೆದು ನಾವು ನಡೆಸಿದ್ದು ಒಟ್ಟು 240 ಗಂಟೆಯ ತರಬೇತಿ, 30 ಜನರ ತಂಡ. ತರಗತಿಗಳು ಮುಗಿದ ಮೇಲೆ ಕೊನೆಯ ಕಂತಿನ ಬಿಲ್ಲು ‘ಹಾಜರಾತಿ ತಾಳೆಯಾಗುತ್ತಿಲ್ಲ’ ಎಂಬ ಆಕ್ಷೇಪಣೆಯೊಂದಿಗೆ ವಾಪಸ್ ಬಂತು.

ತಪ್ಪು ಇದ್ದದ್ದು ಎಣಿಕೆಯಲ್ಲಿ. ಅನುದಾನದ ಮಂಜೂರಾತಿ ಆದೇಶ ಪ್ರತಿ ಅಭ್ಯರ್ಥಿಯಿಂದ ಕೇಳಿದ್ದು ಶೇ 80ರಷ್ಟು ಗಂಟೆಯ ಹಾಜರಿ, ಅಂದರೆ 192. ನಾವು ಎಣಿಸಿದ್ದು ದಿನಗಳನ್ನು. ದಿನಕ್ಕೆ 6 ಗಂಟೆಯಂತೆ 33 ದಿನ ಬಂದವರಿಗೆ 198 ಗಂಟೆ ಆಯಿತೆಂದು ಬರೆದುಕೊಂಡಿದ್ದೆವು. ಆದರೆ ಹಾಜರಾತಿ ಯಂತ್ರದಲ್ಲಿ ದಿನಾ 20 ನಿಮಿಷ ತಡವಾಗಿ ಬೆರಳೊತ್ತಿದರೆ 33 ದಿನಕ್ಕೆ 11 ಗಂಟೆ ಹೋಗುತ್ತದೆ, ಉಳಿಯುವುದು 187. ಅಲ್ಲಿಗೆ ಆ ಅಭ್ಯರ್ಥಿ ಅನರ್ಹ.

ಆ ಯಂತ್ರದ ಮೂಲ ದಾಖಲೆ ಇಳಿಸಿಕೊಂಡು, ಒಬ್ಬೊಬ್ಬರಿಗೆ ಒಂದು ಸಾಲಿನಂತೆ ಒಳಬಂದ ಮತ್ತು ಹೊರಹೋದ ಸಮಯದ ವ್ಯತ್ಯಾಸ ಕೂಡಿದಾಗ 4 ಜನ 192ಕ್ಕಿಂತ ಕೆಳಗಿದ್ದರು. ಇಂಥ ಹೊತ್ತಲ್ಲಿ ಪುಸ್ತಕದ ಹಾಜರಿ ತಿದ್ದಲು ಕೈ ಹಾಕಲೇಬಾರದು. ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿದರೆ ಇಡೀ ತಂಡದ ಹಣ ಹಿಂದಿರುಗಿಸಬೇಕಾದೀತು. ಆ ನಾಲ್ವರನ್ನು ಬಿಟ್ಟು 26 ಜನಕ್ಕೆ ಬಿಲ್ಲು ಹಾಕಿ, ಹಣ ಬಳಕೆ ಪ್ರಮಾಣಪತ್ರವನ್ನೂ ಅದೇ ಸಂಖ್ಯೆಗೆ ತಿದ್ದಿ ಕಳಿಸಿದೆವು. ಒಂದನ್ನು ತಿದ್ದಿ ಇನ್ನೊಂದನ್ನು ಮರೆತರೆ ಕಡತ ಮತ್ತೆ ವಾಪಸ್.

ಈಗ ಪ್ರತಿ ಶನಿವಾರ ಗಂಟೆ ಕೂಡುತ್ತೇವೆ. ಯಾರಿಗಾದರೂ 5 ಗಂಟೆ ಕಡಿಮೆಯಾದರೆ, ತಂಡದ ಮುಕ್ತಾಯ ದಿನಾಂಕಕ್ಕೆ ಮೊದಲೇ ಲಿಖಿತ ಅನುಮತಿ ಪಡೆದು ಹೆಚ್ಚುವರಿ ತರಗತಿ. ಮುಗಿದ ಮೇಲೆ ನಡೆಸಿದ ಗಂಟೆ ಲೆಕ್ಕಕ್ಕೆ ಬರಲಿಲ್ಲ.