ಕೋವೆಲ್‌ನ ಕರಿ ಜೇಡ್‌ಗೆ ಮನೆಯಲ್ಲೇ ಕನ್ನಡಿ ಹೊಳಪು: ನನ್ನ ಅನುಭವ

ಕರಿ ಜೇಡ್‌ಗೆ ಕನ್ನಡಿ ಹೊಳಪು ಮನೆಯ ಮೆಶಿನ್ನಿನಲ್ಲಿ ಬರೋದಿಲ್ಲ ಅಂತ ಅಡಿಲೇಡ್‌ನ ನಮ್ಮ ಕಲ್ಲು ಸಾಣೆ ಹಿಡಿಯುವವರ ಕ್ಲಬ್ಬಿನ ಹಿರಿಯರು ಹೇಳುತ್ತಲೇ ಇದ್ದರು. ಈಗ ನನ್ನ ಕ್ಯಾಬ್ (ಉಬ್ಬು ಮೈಯಾಗಿ ಸಾಣೆ ಹಿಡಿದ ಹರಳು) ಮೇಲೆ ಟ್ಯೂಬ್‌ಲೈಟಿನ ಗೆರೆ ಒಂಚೂರೂ ಅಲುಗದೆ ಕಾಣುತ್ತದೆ. ಅವರೂ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ನೋಡಿದರು, ಮಾತಾಡಲಿಲ್ಲ.

ಕಲ್ಲು ಇಲ್ಲಿನದೇ. ದಕ್ಷಿಣ ಆಸ್ಟ್ರೇಲಿಯಾದ ಐರ್ ಪರ್ಯಾಯ ದ್ವೀಪದ ಕೋವೆಲ್ ಹತ್ತಿರ ಹ್ಯಾರಿ ಶಿಲ್ಲರ್ ಎಂಬ ರೈತರಿಗೆ 1965ರಲ್ಲಿ ಸಿಕ್ಕ ನೆಫ್ರೈಟ್ ಜಾತಿಯ ಜೇಡ್. ಡಾಲಮೈಟ್ ಅಮೃತಶಿಲೆ ಬದಲಾಗಿ ಆದದ್ದು. ಹಸಿರೂ ಸಿಗುತ್ತದೆ, ಕಬ್ಬಿಣ ಜಾಸ್ತಿ ಸೇರಿದ ಕಡೆ ಕಪ್ಪು.

ಮೋಸ್ ಮಾಪಕದಲ್ಲಿ (ವಜ್ರಕ್ಕೆ 10) ಗಡಸುತನ 6ರಿಂದ 6.5. ಅಗೇಟ್‌ಗಿಂತ ಮೆತ್ತಗೆ, ಹಾಗಾಗಿ ಸುಲಭ ಅನ್ನಿಸುತ್ತದೆ, ಅಲ್ವಾ? ಅಲ್ಲೇ ಇರೋದು ತಂಟೆ. ಒಳಗಿನ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಸುತ್ತಿಗೆಗೂ ಬಗ್ಗದ ಕಲ್ಲು, ಆದರೆ ಸವೆದ ಸಿಲಿಕಾನ್ ಕಾರ್ಬೈಡ್ ಸಾಣೆ ಬೆಲ್ಟು ತಾಗಿದರೆ ಎಳೆ ಕಿತ್ತು ಬಂದು ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ಗುಳಿ ಗುಳಿ. ಫೆಲ್ಟ್ ಬಟ್ಟೆ ಮೇಲೆ ಸೀರಿಯಂ ಆಕ್ಸೈಡ್ ಎಂಬ ಹೊಳಪಿನ ಪುಡಿ ಹಾಕಿ ಎಷ್ಟು ಉಜ್ಜಿದರೂ ಆ ಗುಳಿ ಹೋಗಲಿಲ್ಲ. ಟಿನ್ ಆಕ್ಸೈಡೂ ಅಷ್ಟೇ. ಬೆಲ್ಟು, ಪುಡಿ, ಹಾಳಾದ ಸ್ಲ್ಯಾಬ್ (ಕೊಯ್ದ ಕಲ್ಲಿನ ಹಲಗೆ) ಎಲ್ಲ ಸೇರಿ 250 ಡಾಲರ್ ಹತ್ತಿರ ಸುಮ್ನೆ ಹೋಯಿತು.

ಕೊನೆಗೆ ರೆಸಿನ್ ಡೈಮಂಡ್ ಬೆಲ್ಟುಗಳನ್ನೇ (ರೆಸಿನ್ ಅಂಟಿನಲ್ಲಿ ವಜ್ರದ ಪುಡಿ ಕೂರಿಸಿದವು) ತರಿಸಿದೆ. ಮತ್ತೆ 400ರ ಆಸುಪಾಸು. ಮನೆಯಲ್ಲಿ ಪೂರ್ತಿ ಲೆಕ್ಕ ಕೊಟ್ಟಿಲ್ಲ! ಒರಟಿನಿಂದ ನಯಕ್ಕೆ ಗ್ರಿಟ್ 280, 600, 1200, 3000. ಅರ್ಧ ಸಮಯ 600ರಲ್ಲೇ ಕಳೆಯಬೇಕು. ಒದ್ದೆ ಕಲ್ಲು ಮೋಸ ಮಾಡುತ್ತದೆ, ಒರೆಸಿ ಒಣಗಿಸಿಯೇ ಗೀರು ನೋಡಿ. ಆಮೇಲೆ ಚರ್ಮದ ಪ್ಯಾಡಿಗೆ ಕ್ರೋಮಿಯಂ ಆಕ್ಸೈಡ್ ಹಚ್ಚಿ, ವೇಗ ಇಳಿಸಿ, ಗಟ್ಟಿಯಾಗಿ ಒತ್ತಬೇಕು. ಪ್ಯಾಡ್ ಇನ್ನೇನು ಒಣಗುತ್ತದೆ, ಕಲ್ಲನ್ನು ಕೈಯಿಂದ ಎಳೆಯುತ್ತದೆ ಅನ್ನುವಾಗಲೇ ಹೊಳಪು ಬರುವುದು. ಬಿಸಿ ಜಾಸ್ತಿಯಾದರೆ ಡಾಪ್ ಮೇಣ (ಕಲ್ಲನ್ನು ಹಿಡಿಕೆ ಕಡ್ಡಿಗೆ ಅಂಟಿಸುವ ಮೇಣ) ಬಿಟ್ಟುಕೊಳ್ಳುತ್ತದೆ. ಪೇಸ್ಟಿಗೆ ನೀರಿನ ಜೊತೆ ಇನ್ನೊಂದು ಬೆರೆಸುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ಸಾಣೆ ಹಿಡಿಯುವಾಗ ಮಾತ್ರ ನೀರು ನಿಲ್ಲಿಸಬೇಡಿ, ಮಾಸ್ಕ್ ತೆಗೆಯಬೇಡಿ. ಈ ಎಳೆಗಳ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಚಾಮರಾಜನಗರದ ಕರಿ ಗ್ರಾನೈಟ್ ತುಂಡೊಂದು ಊರಿಂದ ತಂದದ್ದಿತ್ತು. ಎರಡನ್ನೂ ನೀರಿನಲ್ಲಿ ತೂಗಿ, ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಲೆಕ್ಕ ಹಾಕಿದೆ. ಜೇಡ್ 2.98ರ ಹತ್ತಿರ, ಗ್ರಾನೈಟ್ ಸುಮಾರು 3. ತೂಕ ನಂಬಿ ಕರಿ ಕಲ್ಲು ಕೊಳ್ಳುವವರು ಇದನ್ನು ಗಮನಿಸಿ, ತೂಕದಿಂದ ಎರಡೂ ಬೇರೆ ಅಂತ ಗೊತ್ತಾಗುವುದಿಲ್ಲ. ಲೂಪ್‌ನಲ್ಲಿ ಗ್ರಾನೈಟಿನ ಕಣ ಬಿಡಿಬಿಡಿಯಾಗಿ ಕಾಣುತ್ತದೆ. ಜೇಡ್‌ನ ತೆಳು ಚೂರನ್ನು ಟಾರ್ಚಿಗೆ ಹಿಡಿದರೆ ಅಂಚಿನಲ್ಲಿ ಕಡು ಹಸಿರು. ತೆಳು ಸ್ಲ್ಯಾಬ್ ದಾರಕ್ಕೆ ಕಟ್ಟಿ ತಟ್ಟಿಯೂ ನೋಡಿದೆ, ಚೆನ್ನಾಗಿಯೇ ನಾದ ಬಂತು.

ಮೊದಲ ಕ್ಯಾಬ್ 90 ಡಾಲರಿಗೆ ಹೋಯಿತು. ಕೊಂಡವರು ಬರೋದಿಲ್ಲ ಅಂದಿದ್ದ ಆ ಹಿರಿಯರಲ್ಲೇ ಒಬ್ಬರು. ಹಾಕಿದ ದುಡ್ಡು ಇನ್ನೂ ಪೂರ್ತಿ ವಾಪಸ್ ಬಂದಿಲ್ಲ.