ಪ್ಯಾಕೇಜ್ ಇಲ್ಲದೆ ಕ್ರೂಗರ್: ಬಾಡಿಗೆ ಕಾರಲ್ಲಿ ಸಫಾರಿ ಲಾಡ್ಜ್‌ವರೆಗೆ

ಆಫ್ರಿಕಾ ಸಫಾರಿ ಅಂದ ತಕ್ಷಣ ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ, "ಯಾವ ಪ್ಯಾಕೇಜ್?" ನಾವು ಪ್ಯಾಕೇಜ್ ತಗೊಳ್ಳಲಿಲ್ಲ. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನಲ್ಲಿ ಇಳಿದು, ಬಾಡಿಗೆಗೆ ಕಾರು ಹಿಡಿದು, ನಾನೇ ಓಡಿಸಿಕೊಂಡು ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ಹೋದೆ. ಅಲ್ಲಿ ಸರ್ಕಾರಿ ಕ್ಯಾಂಪ್‌ಗಳಲ್ಲಿ ಇದ್ದು, ಕೊನೆಗೆ ಪಕ್ಕದ ಸಾಬಿ ಸ್ಯಾಂಡ್ ಖಾಸಗಿ ಅರಣ್ಯದ ಒಂದು ಲಾಡ್ಜ್‌ಗೆ ಹೋದೆವು. ಜೊತೆಗಿದ್ದವರು ನಮ್ಮ ಯಜಮಾನರು, ಅಕ್ಕ, ಭಾವ. ದಸರಾ ರಜೆ. ಮೈಸೂರಿನವರಾಗಿ ದಸರಾಗೆ ಊರು ಬಿಡ್ತೀರಲ್ಲ ಅಂತ ಬೈಸಿಕೊಂಡೇ ಹೊರಟಿದ್ದು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಉಳಿಸೋದಕ್ಕೆ ಅಂತ ಹೀಗೆ ಹೋಗಬೇಡಿ. ಸ್ವಲ್ಪ ಉಳಿಯುತ್ತದೆ, ಆದರೆ ಲಾಡ್ಜ್ ಬಾಡಿಗೆಯ ಮುಂದೆ ಅದು ಲೆಕ್ಕಕ್ಕಿಲ್ಲ. ಸ್ವಂತವಾಗಿ ಹೋಗುವುದರ ಲಾಭ ಬೇರೆ. ಯಾವುದು ಮೊದಲು, ಯಾವುದು ಆಮೇಲೆ ಅಂತ ನೀವೇ ತೀರ್ಮಾನ ಮಾಡಬಹುದು. ಪ್ಯಾಕೇಜ್‌ನವರು ನೇರ ಲಾಡ್ಜ್‌ಗೆ ಕರ್ಕೊಂಡು ಹೋಗಿ, ಮೊದಲ ಸಂಜೆಯೇ ಸಿಂಹ ತೋರಿಸಿಬಿಡುತ್ತಾರೆ. ನಾವು ಮೊದಲು ನಮ್ಮ ಕಣ್ಣಲ್ಲೇ ಹುಡುಕಿದೆವು, ಆಮೇಲೆ ಬಲ್ಲವರ ಜೊತೆ ಹುಡುಕಿದೆವು. ಲಾಡ್ಜ್‌ಗೆ ಕೊಡುವ ದುಡ್ಡು ಏತಕ್ಕೆ ಅನ್ನೋದು ಆಗ ಮಾತ್ರ ಗೊತ್ತಾಗೋದು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ನಾವು ಹೋದಾಗ ದಕ್ಷಿಣ ಆಫ್ರಿಕಾದ ವೀಸಾಕ್ಕೆ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ಪಾಸ್‌ಪೋರ್ಟ್ ಕೊಟ್ಟು ಕಾಯಬೇಕಿತ್ತು. ಕಾಯುವ ಕಾಲ ಎಷ್ಟು ಅಂತ ಯಾರೂ ಖಚಿತವಾಗಿ ಹೇಳಲಿಲ್ಲ. ಹೊರಡುವ ಮುಂಚೆ ಈಗಿನ ನಿಯಮ ಒಮ್ಮೆ ನೋಡಿಕೊಳ್ಳಿ. ಬೆಂಗಳೂರಿನಿಂದ ಜೋಹಾನ್ಸ್‌ಬರ್ಗ್‌ಗೆ ನೇರ ವಿಮಾನ ಇರಲಿಲ್ಲ. ಅಡಿಸ್ ಅಬಾಬಾ ಅಥವಾ ನೈರೋಬಿ ಮೇಲೆ ಹೋದರೆ ಟಿಕೆಟ್ ಅಗ್ಗ. ಆದರೆ ಅಲ್ಲಿ 12 ಗಂಟೆಗಿಂತ ಜಾಸ್ತಿ ತಂಗಿದರೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಲಸಿಕೆಯನ್ನು ಕನಿಷ್ಠ 10 ದಿನ ಮೊದಲು ಹಾಕಿಸಿಕೊಂಡಿರಬೇಕು. ನಾವು ಸುಮ್ನೆ ರಗಳೆ ಬೇಡ ಅಂತ ದುಬೈ ಮೇಲೆ ಹೋದೆವು. ಕ್ರೂಗರ್ ಮಲೇರಿಯಾ ಪ್ರದೇಶ. ಮಳೆಗಾಲ ಶುರುವಾಗುವ ಅಕ್ಟೋಬರ್‌ನಿಂದ ಮೇವರೆಗೆ ಅಪಾಯ ಜಾಸ್ತಿ. ಮಾತ್ರೆ ಬೇಕೋ ಬೇಡವೋ ಅಂತ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ಡ್ರೈವಿಂಗ್ ಬಗ್ಗೆ ಎಲ್ಲರಿಗೂ ಭಯ. ನಿಜ ಹೇಳಬೇಕು ಅಂದ್ರೆ ಮೈಸೂರು-ಬೆಂಗಳೂರು ರಸ್ತೆಯಲ್ಲಿ ಓಡಿಸಿದವರಿಗೆ ಅದು ಸುಲಭ. ಅಲ್ಲೂ ನಮ್ಮ ಹಾಗೆ ಎಡಬದಿ. ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಇಲ್ಲಿಯ ಆರ್‌ಟಿಓದಲ್ಲೇ ಸಿಗುತ್ತದೆ. ಅರ್ಜಿ ಫಾರ್ಮ್ 4ಎ, ಶುಲ್ಕ ₹1,000, ಒಂದು ವರ್ಷ ಚಾಲ್ತಿ. ಕಾರು ಕೊಡುವ ಕೌಂಟರ್‌ನಲ್ಲಿ ಓಡಿಸುವವರ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಇರಬೇಕು. ದೊಡ್ಡ ಮೊತ್ತವನ್ನು ಡಿಪಾಸಿಟ್ ಅಂತ ತಡೆಹಿಡಿಯುತ್ತಾರೆ. ನಾನೇ ಓಡಿಸೋದು ಅಂತ ಮೊದಲೇ ತೀರ್ಮಾನ ಆಗಿತ್ತು, ಹಾಗಾಗಿ ಕಾರ್ಡೂ ನನ್ನದೇ. ಕೌಂಟರ್‌ನ ಹುಡುಗ ಮಾತ್ರ ಪ್ರತಿ ಪ್ರಶ್ನೆಯನ್ನೂ ಯಜಮಾನರಿಗೆ ಕೇಳುತ್ತಿದ್ದ. ಅವರು ಪ್ರತಿ ಸಲವೂ ನನ್ನ ಕಡೆ ಕೈ ತೋರಿಸುತ್ತಿದ್ದರು.

ಕಾರಿಗೆ ಫೋರ್ ವೀಲ್ ಡ್ರೈವ್ ಬೇಕಾಗಿಲ್ಲ. ಆದರೆ ಸೀಟು ಸ್ವಲ್ಪ ಎತ್ತರ ಇರುವ ಕಾರು ತಗೊಳ್ಳಿ. ಹುಲ್ಲಿನ ಮೇಲಿಂದ ನೋಡೋದಕ್ಕೆ ಅರ್ಧ ಅಡಿ ಎತ್ತರವೂ ಉಪಯೋಗಕ್ಕೆ ಬರುತ್ತದೆ.

ವಿಮಾನ ಇಳಿದ ದಿನವೇ ಕಾಡಿಗೆ ಹೊರಡಬೇಡಿ. ಸುಮಾರು 400 ಕಿಲೋಮೀಟರ್, ಐದು ಗಂಟೆಯ ದಾರಿ. ಕತ್ತಲಾದ ಮೇಲೆ ರಸ್ತೆಗೆ ದನ ಬರುತ್ತವೆ, ಗುಂಡಿ ಕಾಣೋದಿಲ್ಲ, ಕಳ್ಳರ ಭಯವೂ ಇದೆ. ನಾವು ವಿಮಾನ ನಿಲ್ದಾಣದ ಹತ್ತಿರ ಮಲಗಿ, ಬೆಳಿಗ್ಗೆ ಎನ್4 ಹೆದ್ದಾರಿ ಹಿಡಿದೆವು. ವಿಟ್‌ಬ್ಯಾಂಕ್, ಮಿಡಲ್‌ಬರ್ಗ್ ಸುತ್ತ ಕಲ್ಲಿದ್ದಲು ಗಣಿ, ವಿದ್ಯುತ್ ಸ್ಥಾವರಗಳ ಹೊಗೆ. ಆಫ್ರಿಕಾದಲ್ಲಿದ್ದೇವೆ ಅಂತ ಅನ್ನಿಸೋದೇ ಇಲ್ಲ. ಮಿಡಲ್‌ಬರ್ಗ್ ದಾಟಿದ ಮೇಲೆ ಆಲ್ಜು ಅನ್ನೋ ಪೆಟ್ರೋಲ್ ಬಂಕ್ ಇದೆ. ಹಿಂದುಗಡೆ ಬೇಲಿಯ ಆಚೆ ಘೇಂಡಾಮೃಗಗಳು ಮೇಯುತ್ತಿರುತ್ತವೆ. ಭಾವ ಕಾಫಿ ಕೈಯಲ್ಲಿ ಹಿಡ್ಕೊಂಡು, "ಇನ್ನು ವಾಪಸ್ ಹೋಗಬಹುದಲ್ವಾ?" ಅಂದರು.

ಹೆದ್ದಾರಿಯಲ್ಲಿ ಒಂದು ಪದ್ಧತಿ ಇಷ್ಟವಾಯಿತು. ಹಿಂದಿನವರು ವೇಗವಾಗಿ ಬಂದರೆ, ಮುಂದಿನ ಗಾಡಿ ಎಡಕ್ಕೆ ಹಳದಿ ಗೆರೆ ದಾಟಿ ದಾರಿ ಬಿಡುತ್ತದೆ. ಓವರ್‌ಟೇಕ್ ಮಾಡಿದವರು ನಾಲ್ಕೂ ಇಂಡಿಕೇಟರ್ ಒಮ್ಮೆ ಮಿಣುಕಿಸಿ ಧನ್ಯವಾದ ಹೇಳುತ್ತಾರೆ. ಊರೊಳಗೆ ಸಿಗ್ನಲ್ ಇಲ್ಲದ ನಾಲ್ಕು ರಸ್ತೆ ಕೂಡುವಲ್ಲಿ ಎಲ್ಲರೂ ಪೂರ್ತಿ ನಿಲ್ಲಬೇಕು. ಮೊದಲು ಬಂದವರು ಮೊದಲು ಹೋಗೋದು. ಹಾರ್ನ್ ಇಲ್ಲ, ನುಗ್ಗೋದಿಲ್ಲ. ನನಗೆ ಇದು ರೂಢಿಯಾಗೋಕೆ ನೆಲ್ಸ್‌ಪ್ರುಟ್ ಬರಬೇಕಾಯಿತು. ಟೋಲ್‌ಗೆ ಕೈಯಲ್ಲಿ ಸ್ವಲ್ಪ ಅಲ್ಲಿಯ ರ‍್ಯಾಂಡ್ ನೋಟು ಇರಲಿ. ಪೆಟ್ರೋಲ್ ಹಾಕಿ ಗಾಜು ಒರೆಸುವವರಿಗೂ ಚಿಲ್ಲರೆ ಕೊಡೋದು ವಾಡಿಕೆ.

ನೆಲ್ಸ್‌ಪ್ರುಟ್‌ನ ಸೂಪರ್‌ಮಾರ್ಕೆಟ್‌ನಲ್ಲಿ ದಿನಸಿ ತಗೊಂಡೆವು. ಅಕ್ಕ ಮೊಟ್ಟೆಯನ್ನೂ ಮುಟ್ಟೋದಿಲ್ಲ. ಕ್ಯಾಂಪ್‌ನ ಹೋಟೆಲ್‌ಗಳಲ್ಲಿ ಸಸ್ಯಾಹಾರ ಅಂದ್ರೆ ಚೀಸ್ ಸ್ಯಾಂಡ್‌ವಿಚ್, ಆಲೂ ಚಿಪ್ಸ್ ಅಷ್ಟೇ. ಅಂಗಡಿಯಲ್ಲಿ ಮಾತ್ರ ಯಾವುದಕ್ಕೂ ಕೊರತೆ ಇರಲಿಲ್ಲ. ಡರ್ಬನ್ ಕಡೆಯ ಭಾರತೀಯರು ತಲೆಮಾರುಗಳಿಂದ ಇರುವ ದೇಶ, ಸಾಸಿವೆ, ಅರಿಶಿನ, ಬೇಳೆ ಎಲ್ಲ ಸಾಲಾಗಿ ಸಿಕ್ಕಿತು. ಜೊತೆಗೆ ಬಿಳಿ ಮುಸುಕಿನ ಜೋಳದ ಹಿಟ್ಟು ತಂದೆವು. ಅಲ್ಲಿಯವರು ಅದರಲ್ಲಿ ಪಾಪ್ ಅಂತ ಗಟ್ಟಿಯಾಗಿ ಬೇಯಿಸುತ್ತಾರೆ, ಮುದ್ದೆಯದ್ದೇ ಹದ. ನೆಂಚಿಕೊಳ್ಳೋಕೆ ಚಕಲಾಕಾ: ಟೊಮೆಟೊ, ಕ್ಯಾರೆಟ್, ಹುರುಳಿಕಾಯಿ ಬೀಜ, ಖಾರ. ಡಬ್ಬಿಯಲ್ಲೂ ಬರುತ್ತದೆ. ಅಕ್ಕನ ರಾತ್ರಿ ಊಟದ ಚಿಂತೆ ಅಲ್ಲಿಗೆ ಮುಗಿಯಿತು.

ಮಾಲೆಲಾನೆ ಗೇಟಿನ ಮುಂದೆ ಕ್ರೊಕೊಡೈಲ್ ನದಿಯ ಸೇತುವೆ. ಅದನ್ನು ದಾಟಿದರೆ ಕಾಡು. ಪಾಸ್‌ಪೋರ್ಟ್ ತೋರಿಸಿ, ಫಾರ್ಮ್ ತುಂಬಿ, ದಿನದ ಶುಲ್ಕ ಕಟ್ಟಬೇಕು. ವಿದೇಶಿಯರಿಗೆ ತಲೆಗೆ ದಿನಕ್ಕೆ 500 ರ‍್ಯಾಂಡ್ ಮೀರುತ್ತದೆ. ಒಂದು ರ‍್ಯಾಂಡ್ ಅಂದ್ರೆ ನಮ್ಮ ನಾಲ್ಕೈದು ರೂಪಾಯಿ ಅಂತ ಇಟ್ಟುಕೊಳ್ಳಿ. ವಾರಗಟ್ಟಲೆ ಇರುವವರು ವೈಲ್ಡ್ ಕಾರ್ಡ್ ಅನ್ನೋ ವಾರ್ಷಿಕ ಪಾಸಿನ ಲೆಕ್ಕ ಹಾಕಿ ನೋಡಬೇಕು.

ಬಂಡೀಪುರ, ನಾಗರಹೊಳೆ ನೋಡಿದವರಿಗೆ ಇಲ್ಲಿ ಮೊದಲ ಗಂಟೆ ವಿಚಿತ್ರ ಅನ್ನಿಸುತ್ತದೆ. ನಮ್ಮಲ್ಲಿ ಸಫಾರಿ ದಾರಿಗೆ ಸ್ವಂತ ಕಾರು ಬಿಡೋದಿಲ್ಲ. ಇಲ್ಲಿ ಗೇಟ್ ದಾಟಿದ ಮೇಲೆ ಹಗಲೆಲ್ಲ ರಸ್ತೆ ನಿಮ್ಮದೇ. ಟಾರು ರಸ್ತೆಯಲ್ಲಿ 50, ಮಣ್ಣಿನಲ್ಲಿ 40 ಕಿಲೋಮೀಟರ್ ವೇಗದ ಮಿತಿ. ಗುರುತು ಹಾಕಿದ ಜಾಗ ಬಿಟ್ಟು ಬೇರೆಲ್ಲೂ ಕಾರಿಂದ ಇಳಿಯುವಂತಿಲ್ಲ. 1926ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕ್ರೂಗರ್ ಉತ್ತರ-ದಕ್ಷಿಣವಾಗಿ ಸುಮಾರು 350 ಕಿಲೋಮೀಟರ್ ಉದ್ದ. ಎಲ್ಲ ನೋಡ್ತೀವಿ ಅಂತ ಹೊರಡಬೇಡಿ. ನಾವು ದಕ್ಷಿಣ ಭಾಗ ಬಿಟ್ಟು ಹೋಗಲೇ ಇಲ್ಲ. ಬರ್ಗ್-ಎನ್-ಡಾಲ್, ಲೋವರ್ ಸಾಬಿ, ಸ್ಕುಕುಜಾ ಕ್ಯಾಂಪ್‌ಗಳು, ಅಷ್ಟೇ.

ಕ್ಯಾಂಪ್ ಬುಕಿಂಗ್ ಸೌತ್ ಆಫ್ರಿಕನ್ ನ್ಯಾಷನಲ್ ಪಾರ್ಕ್ಸ್ ವೆಬ್‌ಸೈಟ್‌ನಲ್ಲಿ ನೇರವಾಗಿ ಆಗುತ್ತದೆ. ಲೋವರ್ ಸಾಬಿಯ ನದಿ ಪಕ್ಕದ ಮನೆಗಳು ತಿಂಗಳುಗಟ್ಟಲೆ ಮೊದಲೇ ಬುಕ್ ಆಗಿಬಿಡುತ್ತವೆ. ಇಬ್ಬರ ಗುಡಿಸಿಲಿಗೆ ರಾತ್ರಿಗೆ 2,000 ರ‍್ಯಾಂಡ್ ಆಸುಪಾಸು. ಹುಲ್ಲಿನ ಚಾವಣಿ, ಜಗಲಿಯಲ್ಲಿ ಫ್ರಿಜ್ಜು, ಸಿಂಕು. ಬುಕ್ ಮಾಡುವಾಗ ಪಾತ್ರೆ ಇದೆಯೋ ಇಲ್ಲವೋ ಓದಿಕೊಳ್ಳಿ, ಎಲ್ಲ ಮನೆಗಳಲ್ಲೂ ಇರೋದಿಲ್ಲ. ಅಕ್ಟೋಬರ್‌ನಲ್ಲಿ ಕ್ಯಾಂಪ್ ಗೇಟು ಬೆಳಿಗ್ಗೆ 5:30ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚುತ್ತದೆ. ತಡವಾದರೆ ದಂಡ. ಸಂಜೆ ಆನೆ ಅಡ್ಡ ನಿಂತಿತ್ತು ಅನ್ನೋ ಕಾರಣ ಅವರಿಗೆ ಹೊಸದೇನಲ್ಲ, ಅದಕ್ಕೂ ಸೇರಿಸಿ ಸಮಯ ಇಟ್ಟುಕೊಂಡು ಹೊರಡಬೇಕು.

ಸ್ಕುಕುಜಾದಿಂದ ಲೋವರ್ ಸಾಬಿಗೆ ನದಿಯ ಪಕ್ಕದಲ್ಲೇ ಹೋಗುವ ಎಚ್4-1 ರಸ್ತೆ ಸುಮಾರು 45 ಕಿಲೋಮೀಟರ್. ನಮಗೆ ಇಡೀ ಬೆಳಗ್ಗೆ ಬೇಕಾಯಿತು. ಎಲ್ಲೆಲ್ಲೂ ಜಿಂಕೆಯಂಥ ಇಂಪಾಲಾ. ಮೊದಲು ಪ್ರತಿಯೊಂದಕ್ಕೂ ಕಾರು ನಿಲ್ಲಿಸುತ್ತಿದ್ದ ನಾವು ಮಧ್ಯಾಹ್ನದ ಹೊತ್ತಿಗೆ ತಿರುಗಿಯೂ ನೋಡುತ್ತಿರಲಿಲ್ಲ. ಲೋವರ್ ಸಾಬಿ ಕ್ಯಾಂಪ್ ಹತ್ತಿರದ ಸನ್‌ಸೆಟ್ ಡ್ಯಾಮ್‌ನಲ್ಲಿ ನೀರು ರಸ್ತೆಗೇ ತಾಗಿಕೊಂಡಂತಿದೆ. ನೀರಾನೆಯ ಬೆನ್ನ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವು. ನೀರಾನೆ ಮುಳುಗಿದಾಗ ಎಲ್ಲ ಜಾರಿ ಬೀಳುತ್ತವೆ, ಎದ್ದಾಗ ಮತ್ತೆ ಹತ್ತುತ್ತವೆ. ಒಂದು ಸಣ್ಣ ಆಮೆಗೆ ಪ್ರತಿ ಸಲವೂ ಜಾಗ ಸಿಗುತ್ತಿರಲಿಲ್ಲ. ಅಕ್ಕ ಅದರ ಪರ ವಹಿಸಿಕೊಂಡು, ಅದು ಹತ್ತುವವರೆಗೂ ಕಾರು ತೆಗೆಯೋಕೆ ಬಿಡಲಿಲ್ಲ.

ಅಲ್ಲಿಂದ ಉತ್ತರಕ್ಕೆ ಮ್ಲೊಂಡೋಜಿ ಅನ್ನೋ ಪಿಕ್ನಿಕ್ ಜಾಗ. ಕೆಳಗೆ ಕೆರೆ, ಮೇಲೆ ಹುಲ್ಲಿನ ಚಪ್ಪರ. ಅಲ್ಲಿ ಸ್ಕಾಟಲ್ ಬಾಡಿಗೆಗೆ ಸಿಗುತ್ತದೆ: ಗ್ಯಾಸ್ ಸಿಲಿಂಡರ್ ಮೇಲೆ ಕೂರಿಸಿದ ಅಗಲವಾದ ಬಾಣಲೆ. ಸುತ್ತ ಇದ್ದವರೆಲ್ಲ ಮೊಟ್ಟೆ, ಬೇಕನ್ ಹುರಿಯುತ್ತಿದ್ದರು. ಅಕ್ಕ ನಮ್ಮದನ್ನು ಎರಡು ಸಲ ತೊಳೆದಳು, ಎಣ್ಣೆ ಹಾಕಿ ಸಾಸಿವೆ ಸಿಡಿಸಿದಳು, ರಾತ್ರಿ ಮಾಡಿಟ್ಟಿದ್ದ ಅನ್ನ ಸುರಿದು ಚಿತ್ರಾನ್ನ ಕಲಸಿದಳು. ಪಕ್ಕದ ಮೇಜಿನ ಪ್ರಿಟೋರಿಯಾದ ಅಜ್ಜಿ ಒಗ್ಗರಣೆ ವಾಸನೆಗೆ ಎದ್ದು ಬಂದರು, ಒಂದು ತಟ್ಟೆ ತಿಂದೇ ಹೋದರು. ಕಡಲೆಕಾಯಿ ಬೀಜದ ಪೊಟ್ಟಣ ಮಾತ್ರ ಕೋತಿಯ ಪಾಲಾಯಿತು. ಅಲ್ಲಿಯ ನೌಕರ ಕವಣೆ ತೋರಿಸಿದ. ಅದು ಮರದ ಮೇಲೆ ಕೂತು ನಿಧಾನವಾಗಿ ಬಿಡಿಸಿಕೊಂಡು ತಿಂದಿತು.

ನಮ್ಮ ಕಣ್ಣಿಗೆ ಸಿಂಹ ಸಿಕ್ಕಿತು, ದೂರದಲ್ಲಿ, ಮಲಗಿದ್ದು. ಮುಂದೆ ಕಾರುಗಳ ಸಾಲು ಕಂಡರೆ ಅಲ್ಲಿ ಏನೋ ಇದೆ ಅಂತ ಅರ್ಥ. ಚಿರತೆ ಸಿಗಲೇ ಇಲ್ಲ. ನದಿ ಪಕ್ಕದ ದೊಡ್ಡ ಮರಗಳನ್ನೆಲ್ಲ ಕೊಂಬೆ ಕೊಂಬೆ ನೋಡಿ ಕತ್ತು ನೋವು ಬಂತು. ಆ ಕತ್ತು ನೋವು ಇಟ್ಟುಕೊಂಡೇ ಲಾಡ್ಜ್‌ಗೆ ಹೊರಟಿದ್ದು.

ಸ್ಕುಕುಜಾದಿಂದ ಪಾಲ್ ಕ್ರೂಗರ್ ಗೇಟಿನಲ್ಲಿ ಹೊರಬಂದು, ಆರ್536 ರಸ್ತೆಯಲ್ಲಿ ಹೇಜಿವ್ಯೂ ಕಡೆ ಸ್ವಲ್ಪ ಹೋಗಿ, ಬಲಕ್ಕೆ ಮಣ್ಣಿನ ದಾರಿ ಹಿಡಿದರೆ ಸಾಬಿ ಸ್ಯಾಂಡ್‌ನ ಶಾಸ್ ಗೇಟ್. ಸಾಬಿ ಸ್ಯಾಂಡ್‌ಗೆ ಬೇರೆ ಗೇಟುಗಳೂ ಇವೆ, ಒಂದರಿಂದ ಇನ್ನೊಂದು ದೂರ. ನಿಮ್ಮ ಲಾಡ್ಜ್ ಯಾವ ಗೇಟ್ ಹೇಳುತ್ತದೋ ಅದಕ್ಕೇ ಹೋಗಿ, ಫೋನಿನ ಮ್ಯಾಪ್ ನಂಬಬೇಡಿ. ಗೇಟಿನಲ್ಲಿ ಕಾರಿಗೆ, ತಲೆಗೆ ಬೇರೆ ಶುಲ್ಕ ಇದೆ, ಲಾಡ್ಜ್ ಬಾಡಿಗೆಯಲ್ಲಿ ಸೇರಿರೋದಿಲ್ಲ. ಒಳಗೆ ಸ್ವಂತ ಕಾರಲ್ಲಿ ಪ್ರಾಣಿ ಹುಡುಕುತ್ತಾ ತಿರುಗುವಂತಿಲ್ಲ. ನೇರ ಲಾಡ್ಜ್‌ಗೆ ಹೋಗಿ ಬೀಗದ ಕೈ ಕೊಟ್ಟುಬಿಡಬೇಕು. ಮಧ್ಯಾಹ್ನ ಎರಡರೊಳಗೆ ತಲುಪಿದರೆ ಸಂಜೆಯ ಸಫಾರಿ ತಪ್ಪೋದಿಲ್ಲ.

ಕ್ರೂಗರ್‌ಗೂ ಸಾಬಿ ಸ್ಯಾಂಡ್‌ಗೂ ಮಧ್ಯೆ 1993ರಿಂದ ಬೇಲಿ ಇಲ್ಲ. ಅಂದ್ರೆ ಪ್ರಾಣಿಗಳು ಅವೇ. ನಾವು ದುಡ್ಡು ಕೊಡೋದು ಮುಂದೆ ಕೂರುವ ಇಬ್ಬರಿಗೆ: ಜೀಪ್ ಓಡಿಸುವ ಗೈಡ್, ಬಾನೆಟ್ ಮೇಲಿನ ಸಣ್ಣ ಸೀಟಿನಲ್ಲಿ ಕೂತು ಹೆಜ್ಜೆ ಗುರುತು ಹುಡುಕುವ ಟ್ರ್ಯಾಕರ್. ಜೊತೆಗೆ ರಸ್ತೆ ಬಿಟ್ಟು ಪೊದೆಯೊಳಗೆ ನುಗ್ಗುವ ಅವಕಾಶ. ತೀರ ದುಬಾರಿಯಲ್ಲದ ಲಾಡ್ಜ್‌ಗಳಲ್ಲೂ ತಲೆಗೆ ರಾತ್ರಿಗೆ ಆರೇಳು ಸಾವಿರ ರ‍್ಯಾಂಡ್ ಆಗುತ್ತದೆ, ಊಟ, ಎರಡು ಸಫಾರಿ ಸೇರಿ. ಹೆಸರುವಾಸಿ ಲಾಡ್ಜ್‌ಗಳದ್ದು 30,000 ದಾಟುತ್ತದೆ. ಎರಡು ರಾತ್ರಿ ಸಾಕು ಅನ್ನೋದು ನನ್ನ ಅಭಿಪ್ರಾಯ. ಒಂದೇ ರಾತ್ರಿ ಮಾತ್ರ ಬೇಡ, ಮಳೆ ಬಂದರೆ ಎಲ್ಲ ಹೋಯಿತು.

ಎರಡನೆಯ ದಿನ ಬೆಳಿಗ್ಗೆ ಟ್ರ್ಯಾಕರ್ ಕೈ ಎತ್ತಿದ. ಜೀಪ್ ನಿಂತಿತು. ಅವನು ಇಳಿದು ಮಣ್ಣಿನ ಮೇಲೆ ಬಗ್ಗಿದ. ಹಿಂದಿನ ರಾತ್ರಿ ಹೋದ ಜೀಪಿನ ಟೈರ್ ಗುರುತು, ಅದರ ಮೇಲೆ ಒಂದು ಹೆಜ್ಜೆ. ಹೆಜ್ಜೆ ಮೇಲಿದೆ, ಹಾಗಾಗಿ ಜೀಪ್ ಹೋದ ಮೇಲೆ ಬಂದದ್ದು. ಹೆಜ್ಜೆಯ ಅಂಚು ಇನ್ನೂ ಚೂಪಾಗಿತ್ತು. ಇಬ್ಬರೂ ಶಾಂಗಾನ್ ಭಾಷೆಯಲ್ಲಿ ಏನೋ ಮಾತಾಡಿಕೊಂಡರು. ದೂರದಲ್ಲಿ ಇಂಪಾಲಾ ಸೀನಿದ ಹಾಗೆ ಸದ್ದು ಮಾಡಿತು. ನಾಗರಹೊಳೆಯಲ್ಲಿ ಜಿಂಕೆಯ ಕೂಗಿಗೆ ಕಿವಿ ಕೊಟ್ಟು ಅಭ್ಯಾಸ ಇದ್ದ ಭಾವ, "ಅದೇ, ಅದೇ" ಅಂದರು. ಜೀಪ್ ಮುಳ್ಳುಪೊದೆ ತುಳಿದುಕೊಂಡು ಹೋಯಿತು. ಮರೂಲಾ ಮರದ ಅಡ್ಡಕೊಂಬೆಯ ಮೇಲೆ ಹೆಣ್ಣು ಚಿರತೆ, ಕಾಲು ಇಳಿಬಿಟ್ಟುಕೊಂಡು. ಕೆಳಗೆ ನಮ್ಮನ್ನು ಕಂಡು ಆಕಳಿಸಿತು. ಇಂಥದ್ದೇ ಮರಗಳನ್ನು ನಾವು ದಿನಗಟ್ಟಲೆ ನೋಡಿದ್ದೆವು. ನೆಲ ಮಾತ್ರ ನೋಡಿರಲಿಲ್ಲ.

ಲಾಡ್ಜ್‌ಗೆ ಸಸ್ಯಾಹಾರದ ವಿಷಯ ಬರೆಯುವಾಗ 'ವೆಜಿಟೇರಿಯನ್' ಅಂತ ಬಿಟ್ಟರೆ ಮೀನು ಬಂದರೂ ಬರಬಹುದು. ಮೀನಿಲ್ಲ, ಮೊಟ್ಟೆಯಿಲ್ಲ ಅಂತ ಬಿಡಿಸಿ ಬರೆದಿದ್ದೆವು. ಅಡುಗೆಯಾಕೆ ಅಕ್ಕನಿಗೆ ಅಂತಲೇ ಬೇಳೆ ಸಾರು ಮಾಡಿದರು. ಲಾಡ್ಜ್‌ಗೆ ಬೇಲಿ ಇಲ್ಲದ್ದರಿಂದ ರಾತ್ರಿ ಊಟ ಆದ ಮೇಲೆ ರೂಮಿಗೆ ಒಬ್ಬರೇ ಹೋಗುವಂತಿಲ್ಲ, ಕಾವಲಿನವರು ಟಾರ್ಚ್ ಹಿಡ್ಕೊಂಡು ಬಿಟ್ಟು ಬರುತ್ತಾರೆ. ಆರು ವರ್ಷದ ಒಳಗಿನ ಮಕ್ಕಳನ್ನು ಹಲವು ಲಾಡ್ಜ್‌ಗಳು ಜೀಪ್‌ಗೆ ಹತ್ತಿಸೋದಿಲ್ಲ. ಟಿಪ್ ಬಗ್ಗೆ ಸಂಕೋಚ ಬೇಡ, ಎಷ್ಟು ರೂಢಿ ಅಂತ ಲಾಡ್ಜ್‌ನವರೇ ಹೇಳುತ್ತಾರೆ. ಗೈಡ್‌ಗೆ, ಟ್ರ್ಯಾಕರ್‌ಗೆ ಬೇರೆ ಬೇರೆ ಕವರ್, ಉಳಿದವರಿಗೆ ಒಂದೇ ಡಬ್ಬಿ. ನನ್ನನ್ನು ಕೇಳಿದರೆ ಟ್ರ್ಯಾಕರ್‌ನ ಕವರ್ ತೆಳ್ಳಗಾಗಬಾರದು.

ಕೊನೆಯ ದಿನವೂ ಬೆಳಗಿನ ಸಫಾರಿ ಇರುತ್ತದೆ. ತಿಂಡಿ ತಿಂದು ಹೊರಡುವಾಗ ಹನ್ನೊಂದು. ಅದೇ ಸಂಜೆ ಜೋಹಾನ್ಸ್‌ಬರ್ಗ್‌ನಲ್ಲಿ ವಿಮಾನ ಹಿಡಿಯೋದು ಅಂದ್ರೆ ದಾರಿಯುದ್ದಕ್ಕೂ ಗಡಿಯಾರ ನೋಡೋದು. ಎನ್4ರಲ್ಲಿ ಲಾರಿ ಮಗುಚಿದರೆ ಮುಗೀತು. ನಾವು ಟಿಕೆಟ್ ಮರುದಿನಕ್ಕೆ ಇಟ್ಟುಕೊಂಡು, ಹೇಜಿವ್ಯೂ ಮೇಲೆ ಗ್ರಾಸ್ಕಾಪ್ ಘಟ್ಟ ಹತ್ತಿ ಅಲ್ಲೇ ಉಳಿದೆವು. ಗಾಡ್ಸ್ ವಿಂಡೋ ಅನ್ನೋ ವ್ಯೂ ಪಾಯಿಂಟ್ ನೋಡುವ ಆಸೆಯಿತ್ತು. ಪೂರ್ತಿ ಮಂಜು, ಕಟ್ಟೆಯ ಆಚೆ ಏನೂ ಕಾಣಲಿಲ್ಲ. ಊರಿನ ಪ್ಯಾನ್‌ಕೇಕ್ ಅಂಗಡಿಯಲ್ಲಿ ಅಕ್ಕ "ಮೊಟ್ಟೆ ಹಾಕ್ತೀರಾ?" ಅಂತ ಕೇಳಿ, ಉತ್ತರ ಕೇಳಿಸಿಕೊಂಡು, ಕಾರಿಂದ ಉಳಿದಿದ್ದ ಚಕಲಾಕಾ ಡಬ್ಬಿ ತಂದಳು.